ಗೋಡೆ ಒಣಗಿದ ಮೇಲೆ ಬಿತ್ತು: ನೆರೆ ಪರಿಹಾರ ಪಡೆದವಳ ವಿಮರ್ಶೆ

ಬಳಸಿದ ಸೇವೆ: 2019ರ ನೆರೆಯ ಮನೆ ಹಾನಿ ಪರಿಹಾರ ಮತ್ತು ಪುನರ್ವಸತಿ
ಬಳಸಿದವಳು: ಮಲಪ್ರಭಾ ದಂಡೆಯ ಊರೊಂದರ ಹೊಲಿಗೆಯವಳು
ನನ್ನ ಅಂಕ: ಐದಕ್ಕೆ ಮೂರು

ನಮ್ಮ ಮನೆಗೆ ಎರಡು ದಿನ ನೀರು ನಿಂತಿತ್ತು, ಆಗ ಬೀಳಲಿಲ್ಲ. ನೀರು ಇಳಿದು ಹತ್ತೊಂಬತ್ತನೇ ದಿನ, ಒಳ್ಳೆ ಬಿಸಿಲು ಬಿದ್ದಿದ್ದಾಗ ಬಿತ್ತು. ಅಷ್ಟರಲ್ಲಿ ಸಮೀಕ್ಷೆ ಮುಗಿದು, ಹಾಳೆಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ, ಸ್ವಲ್ಪವೇ ಹಾನಿ ಎಂಬ ಅರ್ಥದ ‘ಸಿ’ ಬರೆದು, ಕಂಪ್ಯೂಟರಿಗೂ ಏರಿಸಿಯಾಗಿತ್ತು. ಆ ಒಂದು ಅಕ್ಷರ ಬದಲಾಗಲು ಐದು ತಿಂಗಳು ಹಿಡಿಯಿತು. ಈಗ ಹೊಸ ಮನೆಯಲ್ಲಿ ನಾಲ್ಕು ಮಳೆಗಾಲ ಕಳೆದಿದ್ದೇವೆ. ಸಿಟ್ಟು ಇಳಿದಿದೆ. ಏನು ಚೆನ್ನಾಗಿತ್ತು, ಏನು ತಿದ್ದಬೇಕು ಎಂದು ಸಮಾಧಾನದಿಂದ ಹೇಳಬಲ್ಲೆ ಅನಿಸಿ ಬರೆಯುತ್ತಿದ್ದೇನೆ. ಊರಿನ ಹೆಸರು, ಕಚೇರಿಯ ಹೆಸರು ಹಾಕುವುದಿಲ್ಲ. ಯಾರನ್ನೋ ಹಿಡಿದು ದೂರುವುದು ನನಗೆ ಬೇಕಾಗಿಲ್ಲ, ಮುಂದಿನ ಸಲ ಹೊಳೆ ಬಂದಾಗ ಇನ್ನೊಬ್ಬಳು ನನ್ನ ಹಾಗೆ ಅಲೆಯಬಾರದು, ಅಷ್ಟೇ.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಶೇಂಗಾದ ಉಂಡಿ, ತಂಬಿಟ್ಟು ಡಬ್ಬಿಯಲ್ಲಿ ಇನ್ನೂ ಅರ್ಧ ಇದ್ದವು. ಪಶ್ಚಿಮ ಘಟ್ಟದಲ್ಲಿ ಬಿಡದೆ ಮಳೆ ಹೊಡೆದು, ಎಷ್ಟೋ ವರ್ಷ ಸರಿಯಾಗಿ ತುಂಬದೇ ಇದ್ದ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಡ್ಯಾಮು ನೋಡನೋಡುತ್ತಿದ್ದಂತೆ ತುಂಬಿತು. 37 ಟಿಎಂಸಿ ಚಿಲ್ಲರೆ ಹಿಡಿಯುವ ಡ್ಯಾಮು ಅದು. ತುಂಬಿದ ಮೇಲೆ ಬಂದ ನೀರನ್ನು ಕೆಳಗೆ ಬಿಡದೆ ಅವರಿಗೂ ಬೇರೆ ದಾರಿ ಇರಲಿಲ್ಲ. ಆದರೆ ಕೆಳಗೆ ನಮ್ಮ ಹೊಳೆಗೆ ಆ ನೀರು ಹಿಡಿಸುವಷ್ಟು ಅಗಲವೇ ಉಳಿದಿರಲಿಲ್ಲ. ವರ್ಷಗಟ್ಟಲೆ ಸಣ್ಣಗೆ ಹರಿದ ಹೊಳೆಯ ಒಳಗೇ ಗೋವಿನಜೋಳ, ಕಬ್ಬು ಬೆಳೆದಿದ್ದೆವು. ನಮ್ಮವರೂ ನಾಲ್ಕು ಸಾಲು ಒಳಗೆ ಒತ್ತಿದವರೇ, ಸುಳ್ಳು ಹೇಳುವುದಿಲ್ಲ. ಆ ಸಲ ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಸರ್ಕಾರ ಘೋಷಿಸಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ದೋಣಿ ಬಂತು. ಊರ ಹೊರಗಿನ ಎತ್ತರದ ಶಾಲೆಯಲ್ಲಿ ಊಟ, ಚಾಪೆ, ಡಾಕ್ಟರು, ಎಲ್ಲ ಇತ್ತು. ಮೂರನೇ ದಿನದಿಂದ ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಮಾಡಿಕೊಟ್ಟರು. ಬಟ್ಟೆ-ಪಾತ್ರೆಗೆ ಕೇಂದ್ರದ ಲೆಕ್ಕದಲ್ಲಿ ಒಂದು ಕುಟುಂಬಕ್ಕೆ ಆಗ ಬರುತ್ತಿದ್ದದ್ದು 3,800 ರೂಪಾಯಿ. ರಾಜ್ಯ ಅದನ್ನು 10,000ಕ್ಕೆ ಏರಿಸಿ ಕೊಟ್ಟಿತು, ನೇರವಾಗಿ ಬ್ಯಾಂಕ್ ಖಾತೆಗೆ. ಅದೇ ದುಡ್ಡಿನಲ್ಲಿ ನಾನು ಒಂದು ಹಳೇ ಹೊಲಿಗೆ ಮಷಿನ್ ಹಿಡಿದೆ, ಉಳಿದದ್ದರಲ್ಲಿ ಸಂತೆಯಿಂದ ಬೋಗುಣಿ, ತಾಟು, ಕೊಡ ತಂದೆವು. ಮೊದಲಿನ ಹದಿನೈದು ದಿನದ ಸೇವೆಗೆ ಐದಕ್ಕೆ ಐದು ಕೊಡುತ್ತೇನೆ, ಮನಸ್ಸಿನಿಂದ.

ಈಗ ಆ ‘ಸಿ’ ವಿಷಯಕ್ಕೆ ಬರುತ್ತೇನೆ.

ನಿಯಮ ಹೀಗಿತ್ತು. ಮನೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಗಿದ್ದರೆ ‘ಎ’, ಅದಕ್ಕೆ 5 ಲಕ್ಷ. ನೂರಕ್ಕೆ 25ರಿಂದ 75ರಷ್ಟು ಹಾನಿಯಾಗಿದ್ದರೆ ‘ಬಿ’. ಅದರಲ್ಲೂ ಕೆಡವಿ ಕಟ್ಟಲೇಬೇಕಾದ್ದಕ್ಕೆ 5 ಲಕ್ಷ, ರಿಪೇರಿಯಾಗುವಂಥದ್ದಕ್ಕೆ 3 ಲಕ್ಷ. 15ರಿಂದ 25ರಷ್ಟಾಗಿದ್ದರೆ ‘ಸಿ’, 50,000. ಕೇಂದ್ರದ ನಿಯಮದಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೂ ಬಯಲುಸೀಮೆಯಲ್ಲಿ ಆಗ ಇದ್ದದ್ದು 95,100 ರೂಪಾಯಿ. ಹಾಗೆ ನೋಡಿದರೆ 5 ಲಕ್ಷ ದೊಡ್ಡ ಮನಸ್ಸಿನ ಮೊತ್ತ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇದ್ದದ್ದು ಮೊತ್ತದಲ್ಲಲ್ಲ, ಅಳೆಯುವ ದಿನದಲ್ಲಿ.

ನಮ್ಮ ಮನೆ ನಮ್ಮ ಕಡೆಯ ಎಲ್ಲ ಹಳೇ ಮನೆಗಳ ಹಾಗೆ ಮ್ಯಾಳಿಗೆ ಮನೆ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಹಾಳುಮಣ್ಣು. ಬುಡದಲ್ಲಿ ಎರೆಭೂಮಿ. ಇಂಥ ಗೋಡೆ ನೀರು ಕುಡಿದಾಗ ಉಬ್ಬಿ ಗಟ್ಟಿಯಾಗಿ ನಿಂತ ಹಾಗೇ ಕಾಣುತ್ತದೆ. ಒಣಗತೊಡಗಿದ ಮೇಲೆ ಅದರ ನಿಜ ಗೊತ್ತಾಗುವುದು. ಮೇಲ್ಭಾಗ ಮೊದಲು ಒಣಗಿ ಕುಗ್ಗುತ್ತದೆ, ಬುಡ ಇನ್ನೂ ಹಸಿಯಾಗಿಯೇ ಇರುತ್ತದೆ. ನೀರು ನಿಂತ ಗೆರೆಯ ಹತ್ತಿರ ಬಿರುಕು ಓಡುತ್ತದೆ, ಮಣ್ಣು ಬೊಗಸೆ ಬೊಗಸೆ ಉದುರುತ್ತದೆ. ಕೆಳಗಿನ ಎರೆಮಣ್ಣೂ ಒಣಗಿ ಬಾಯಿ ಬಿಡುತ್ತದೆ. ಮೇಲಿನ ಮ್ಯಾಳಿಗೆಯ ಭಾರ ಮಾತ್ರ ಅಷ್ಟೇ ಇರುತ್ತದೆ. ಇದು ನಮ್ಮೂರಿನ ಸಣ್ಣ ಹುಡುಗರಿಗೂ ಗೊತ್ತು.

ಸಮೀಕ್ಷೆಯವರು ಬಂದದ್ದು ನೀರಿಳಿದ ಆರನೇ ದಿನ. ಇಂಜಿನಿಯರು ಎಳೇ ಹುಡುಗ, ಕಾಲಿಗೆ ಮೊಣಕಾಲ ತನಕ ರಾಡಿ. ಅವತ್ತು ಒಂದೇ ದಿನ ನಮ್ಮ ಓಣಿ, ಹಿಂದಿನ ಓಣಿ ಎರಡನ್ನೂ ಮುಗಿಸಬೇಕಿತ್ತಂತೆ. ಪಡಸಾಲೆಯ ಒಂದು ಮೂಲೆ ಕುಸಿದಿತ್ತು, ಅದರ ಫೋಟೋ ತೆಗೆದ. ನಮ್ಮ ಅತ್ತೆ ಗೋಡೆಗೆ ಕೈ ಒತ್ತಿ ತೋರಿಸಿದರು. ಐದೂ ಬೆರಳಿನ ಗುರುತು ಹಿಟ್ಟಿನ ಮೇಲೆ ಬಿದ್ದ ಹಾಗೆ ಬಿತ್ತು.

“ನೋಡ್ರಿ ಸಾಹೇಬ್ರ, ಗ್ವಾಡಿ ಇನ್ನೂ ಹಸಿ ಐತಿ. ಈಗ ನಿಂತಂಗ ಕಾಣತೈತಿ, ಒಣಗಿದ್ರ ನಿಲ್ಲಂಗಿಲ್ರಿ ಇದು.”

ಆತ ಬೆರಳಿನ ಗುರುತು ನೋಡಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ, “ಯವ್ವಾ, ಇವತ್ತ ಹೆಂಗ ಐತಿ ಹಂಗ ಬರೀಬೇಕು ನಾ. ನಾಳೆ ಬೀಳೂದನ್ನ ಬರಿಯಾಕ ಇದರಾಗ ಕಾಲಂ ಇಲ್ಲ” ಅಂದ.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಅರ್ಥವಾಗಿತ್ತು, ಅವನ ಮುಖದಲ್ಲೇ ಕಾಣುತ್ತಿತ್ತು. ಅವನ ಕೈಯಲ್ಲಿದ್ದ ಹಾಳೆಯಲ್ಲಿ ಜಾಗ ಇರಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ತೊಳೆದ ಕೌದಿ ಹರವುತ್ತಿದ್ದೆ. ಅತ್ತೆ ಎಮ್ಮೆಗೆ ಕಣಿಕೆ ಹಾಕಲು ಹೊರಗೆ ಬಂದಿದ್ದರು. ದೊಡ್ಡ ಸದ್ದೇನೂ ಆಗಲಿಲ್ಲ. ಜೋಳದ ಚೀಲವನ್ನು ಯಾರೋ ಹೆಗಲಿನಿಂದ ಕೆಳಗೆ ಜಾರಿಸಿದ ಹಾಗೆ ಒಂದು ಸದ್ದು, ಆಮೇಲೆ ಬರೀ ಧೂಳು. ಧೂಳು ಕೂತ ಮೇಲೆ ನೋಡಿದರೆ ಪಡಸಾಲೆಯೂ ಇಲ್ಲ, ಅಡುಗೆಮನೆಯೂ ಇಲ್ಲ, ದೇವರ ಜಗುಲಿಯ ಮೇಲೆ ಆಕಾಶ. ಹಿಂದಿನ ರಾತ್ರಿ ನನ್ನ ಮಗಳು ಅದೇ ಗೋಡೆಗೆ ಒರಗಿ ಓದುತ್ತಿದ್ದಳು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಅಲ್ಲಿಂದ ನನ್ನ ತಿರುಗಾಟ ಶುರು. ‘ಎಂಟ್ರಿ ಆಗೈತಿ, ಈಗ ತಿದ್ದಾಕ ಬರಂಗಿಲ್ಲ’ ಎಂಬುದು ಮೊದಲ ಉತ್ತರ. ‘ಅರ್ಜಿ ಕೊಟ್ಟು ಹೋಗ್ರಿ’ ಎಂಬುದು ಎರಡನೆಯದು. ಅರ್ಜಿ ತೆಗೆದುಕೊಂಡದ್ದಕ್ಕೆ ಸ್ವೀಕೃತಿ ಚೀಟಿ ಕೇಳಿದರೆ ಕೊಡಲಿಲ್ಲ. ಮುಂದಿನ ಸಲ ಹೋದಾಗ ಆ ಅರ್ಜಿಯೇ ಸಿಗಲಿಲ್ಲ. ಒಟ್ಟು ಹನ್ನೊಂದು ಸಲ ಹೋದೆ. ಒಂದು ಸಲ ಹೋದರೆ ಬಸ್ಸಿನ ಖರ್ಚು ಒಂದೆಡೆ, ಆ ದಿನದ ಹೊಲಿಗೆ ಒಂದೆಡೆ. ದೀಪಾವಳಿಯ ಮುಂದೆ ನಾಲ್ಕು ರವಿಕೆ ಹೆಚ್ಚು ಹೊಲಿಯುವ ದಿನಗಳವು. ‘ಸಿ’ ಆದ್ದರಿಂದ ಮನೆ ಕಳೆದುಕೊಂಡವರಿಗೆ ಎಂದು ಘೋಷಿಸಿದ್ದ ತಿಂಗಳಿಗೆ 5,000 ರೂಪಾಯಿಯ ಬಾಡಿಗೆಯೂ ನಮಗೆ ಬರಲಿಲ್ಲ. ತಗಡಿನ ಶೆಡ್ಡಿನಲ್ಲಿ ಆರು ಜನ, ಎರಡು ಎಮ್ಮೆ. ಸಂಕ್ರಾಂತಿ ಕಳೆದ ಮೇಲೆ ಬೇರೆ ತಂಡ ಬಂದು ಮರುಸಮೀಕ್ಷೆ ಮಾಡಿತು, ಆಗ ‘ಎ’ ಆಯಿತು. ನಮ್ಮ ಓಣಿಯಲ್ಲಿ ನಮ್ಮ ಹಾಗೆ ಆಮೇಲೆ ಬಿದ್ದ ಮನೆ ಇನ್ನೂ ಮೂರು ಇದ್ದವು. ಅದರಲ್ಲಿ ಒಬ್ಬ ವಿಧವೆ ಅಜ್ಜಿ ‘ಹೋಗ್ಲಿ ಬಿಡವ್ವಾ, ನನಗ ತಿರುಗಾಕ ಆಗಂಗಿಲ್ಲ’ ಎಂದು 50,000ಕ್ಕೇ ಕೈಬಿಟ್ಟಳು.

ನಾನು ಕಳೆದ ಎರಡು ಅಂಕ ಇಲ್ಲಿಯವು. ತಿದ್ದುವುದು ಕಷ್ಟದ ಕೆಲಸವೇನೂ ಅಲ್ಲ. ಮಣ್ಣಿನ ಮನೆಗಳಿಗೆ ಎರಡು ಸಮೀಕ್ಷೆ ಇರಲಿ. ನೀರಿಳಿದ ಕೂಡಲೇ ಒಂದು, ಗೋಡೆ ಒಣಗಿದ ಮೇಲೆ, ಒಂದು ಒಂದೂವರೆ ತಿಂಗಳಿಗೆ, ಇನ್ನೊಂದು. ಯಾರೂ ಅರ್ಜಿ ಕೊಡದೆಯೇ ಅದು ತಾನಾಗಿ ಆಗಬೇಕು. ಮೊದಲ ಸಲ ಬರೆದ ಅಕ್ಷರ ತಾತ್ಕಾಲಿಕ ಎಂದು ಹಾಳೆಯ ಮೇಲೇ ಅಚ್ಚಾಗಿರಬೇಕು. ಸಮೀಕ್ಷೆಯ ಹಾಳೆಯ ಒಂದು ಪ್ರತಿ, ಫೋಟೋ ಸಮೇತ, ಅಲ್ಲೇ ಬಾಗಿಲಲ್ಲಿ ಮನೆಯವರ ಕೈಗೆ ಸಿಗಬೇಕು. ನಮಗೆ ಏನು ಬರೆದಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಪಂಚಾಯಿತಿ ಗೋಡೆಗೆ ಪಟ್ಟಿ ಅಂಟಿಸಿದಾಗ, ಮನೆ ಬಿದ್ದು ಮೂರು ದಿನದ ಮೇಲೆ.

‘ಎ’ ಆದ ನಂತರದ ಸೇವೆ ಬಹಳ ಚೆನ್ನಾಗಿತ್ತು, ಅದನ್ನೂ ಅಷ್ಟೇ ಒತ್ತಿ ಹೇಳಬೇಕು. ಗುತ್ತಿಗೆದಾರರನ್ನು ಕಳಿಸಿ ಎಲ್ಲರಿಗೂ ಒಂದೇ ಅಚ್ಚಿನ ಪೆಟ್ಟಿಗೆ ಕಟ್ಟಿಸಲಿಲ್ಲ. ದುಡ್ಡು ನಮ್ಮ ಖಾತೆಗೆ ಬಂತು, ಕಟ್ಟಿಸಿದವರು ನಾವೇ. ತಳಪಾಯಕ್ಕೆ 1 ಲಕ್ಷ, ಮುಂದೆ ಗೋಡೆ, ಛತ್ತು, ಗಿಲಾವು ಎಂದು ಹಂತ ಹಂತವಾಗಿ. ಒಂದೊಂದು ಹಂತಕ್ಕೂ ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಬೇರೆ ಯಾರದೋ ಗೋಡೆ ತೋರಿಸಿ ದುಡ್ಡು ಎತ್ತಲು ಬರುವುದಿಲ್ಲ. ನನ್ನ ಮಗಳು ಹೇಳುವ ಪ್ರಕಾರ ಗುಜರಾತಿನಲ್ಲಿ 2001ರ ಭೂಕಂಪ ಆದಾಗಲೂ ಹೀಗೇ ಮನೆಯವರ ಕೈಗೇ ಕಂತಿನಲ್ಲಿ ದುಡ್ಡು ಕೊಟ್ಟು, ಇಂಜಿನಿಯರು ನೋಡಿಹೋಗುವ ಏರ್ಪಾಡು ಮಾಡಿದ್ದರಂತೆ. ಅವಳು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ, ಇಂಥದ್ದೆಲ್ಲ ಅವಳಿಂದ ನನಗೆ ಗೊತ್ತು.

ನಾವೇ ಕಟ್ಟಿಸಿದ್ದರ ಲಾಭ ಏನು ಗೊತ್ತೇ? ಜೋತಿ, ಅಂದರೆ ಮನೆಯ ಅಡಿಕಟ್ಟು, 2 ಅಡಿ ಎತ್ತರಿಸಿಕೊಂಡೆವು, 2019ರ ನೀರಿನ ಗೆರೆಗಿಂತ ಒಂದು ಗೇಣು ಮೇಲಕ್ಕೆ. ಹಿತ್ತಲಲ್ಲಿ ಎಮ್ಮೆಗೆ ಗೋದಲಿ ಬಿಟ್ಟೆವು. 2009ರ ನೆರೆಯ ಮೇಲೆ ದಾನಿಗಳ ನೆರವಿನಿಂದ ‘ಆಸರೆ’ ಎಂದು ಹೊಸ ಊರುಗಳನ್ನೇ ಕಟ್ಟಿದರು. ಅವುಗಳಲ್ಲಿ ಎಷ್ಟೋ ಮನೆಗಳು ಖಾಲಿ ಉಳಿದವು. ದನ ಕಟ್ಟಲು, ಕೂರಿಗೆ-ಕುಂಟೆ ಇಡಲು, ಕಾಳು ಹಾಕಲು ಜಾಗವಿಲ್ಲದ ಮನೆಯಲ್ಲಿ ಒಕ್ಕಲುತನದವರು ಬಾಳುವೆ ಮಾಡುವುದು ಹೇಗೆ? ಹೊಲ ಹೊಳೆದಂಡೆಯಲ್ಲಿ, ಮನೆ ದೂರದ ಗುಡ್ಡದ ಮೇಲೆ. ಊರು ಎತ್ತರಕ್ಕೆ ಹೋಗಬೇಕು ಎಂಬ ಮಾತು ಸರಿಯೇ. ಹೋಗುವ ಮುಂದೆ ಮನೆಯ ನಕ್ಷೆಯನ್ನು ಹೆಂಗಸರ ಮುಂದೆ ಹರವಿ ಕೇಳಬೇಕು. ಒಲೆ ಎಲ್ಲಿ, ನೀರಿನ ತೊಟ್ಟಿ ಎಲ್ಲಿ, ಎಮ್ಮೆ ಎಲ್ಲಿ ಎಂಬುದನ್ನು ನಾವು ಹತ್ತು ನಿಮಿಷದಲ್ಲಿ ಹೇಳುತ್ತೇವೆ.

ಇನ್ನೊಂದು ನೋವಿದೆ. ನಮ್ಮ ಮನೆಯ ಉತಾರ, ಅಂದರೆ ಆಸ್ತಿಯ ದಾಖಲೆ ಕಾಗದ, ಮಾವನವರ ಹೆಸರಿನಲ್ಲಿತ್ತು, ಅವರು ತೀರಿಹೋಗಿ ಎಂಟು ವರ್ಷವಾಗಿತ್ತು. ಅದೇ ಮನೆಯಲ್ಲಿ ನಡುವೆ ಅಡ್ಡಗೋಡೆ ಎತ್ತಿ ನಾವು ಈ ಕಡೆ, ನನ್ನ ಮೈದುನನ ಸಂಸಾರ ಆ ಕಡೆ. ಎರಡು ಒಲೆ, ಎರಡು ರೇಷನ್ ಕಾರ್ಡು. ಆದರೆ ಮನೆಯ ನಂಬರು ಒಂದು, ಹಾಗಾಗಿ ಪರಿಹಾರವೂ ಒಂದೇ. ಮೈದುನ ದೊಡ್ಡ ಮನುಷ್ಯ, “ಅತ್ತಿಗಿ, ನಿಮ್ಮ ಹೆಸರೀಗೆ ಆಗ್ಲಿ” ಎಂದು ಸಹಿ ಹಾಕಿಕೊಟ್ಟ. ನಾವು 5 ಲಕ್ಷಕ್ಕೆ ಕೈಯಿಂದ ಎರಡು ಸೇರಿಸಿ ಅವನಿಗೂ ಒಂದು ಕೋಣೆ, ಒಂದು ಒಲೆ ತೆಗೆದೆವು. ಎಲ್ಲ ಮನೆಯಲ್ಲೂ ಹೀಗೆ ಆಗುವುದಿಲ್ಲ. ಹಿಂದಿನ ಓಣಿಯಲ್ಲಿ ಒಡಹುಟ್ಟಿದ ಇಬ್ಬರು ಇದೇ ಕಾರಣಕ್ಕೆ ಕೋರ್ಟು ಹತ್ತಿದ್ದಾರೆ, ಬಿದ್ದ ಮನೆಯ ಜಾಗದಲ್ಲಿ ಇಂದಿಗೂ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಉತಾರ ಎಣಿಸುವ ಬದಲು ಒಲೆ ಎಣಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ರೇಷನ್ ಕಾರ್ಡಿನಲ್ಲಿ ಸರ್ಕಾರವೇ ಎರಡು ಸಂಸಾರ ಎಂದು ಒಪ್ಪಿಕೊಂಡಿದೆಯಲ್ಲ.

ಆ ಉತಾರ ತಾನೇ ಎಲ್ಲಿತ್ತು? ಟ್ರಂಕಿನಲ್ಲಿ, ನೀರಿನೊಳಗೆ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಗಳ ಮಾರ್ಕ್ಸ್ ಕಾರ್ಡು ಎಲ್ಲ ಒಂದಕ್ಕೊಂದು ಅಂಟಿ ರೊಟ್ಟಿಯ ಹಾಗೆ ಒಂದೇ ಗಟ್ಟಿಯಾಗಿತ್ತು. ಮನೆ ಕಳೆದುಕೊಂಡವರಿಂದ ಮನೆಯಲ್ಲಿದ್ದ ಕಾಗದ ಕೇಳುತ್ತಾರೆ. ಹೊಳೆದಂಡೆಯ ಊರುಗಳಲ್ಲಿ ಬೇಸಿಗೆಯಲ್ಲೇ, ಮಳೆ ಬರುವ ಮುಂದೆ, ಪ್ರತಿ ಮನೆಯ ಫೋಟೋ, ಅಳತೆ, ವಾಸಿಸುವವರ ಹೆಸರು ಪಂಚಾಯಿತಿಯಲ್ಲಿ ದಾಖಲಾಗಿದ್ದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ವಾರಸಾ ಬದಲಾವಣೆಯೂ ಅದೇ ಹೊತ್ತಿನಲ್ಲಿ ಆಗಿಬಿಡಲಿ.

ನನ್ನ ಕಸುಬಿನ ಬಗ್ಗೆ ಒಂದು ಮಾತು. ಬೆಳೆಗೆ ಹೆಕ್ಟೇರಿನ ಲೆಕ್ಕದಲ್ಲಿ ಕೊಟ್ಟರು. ಕೇಂದ್ರದ ನಿಯಮದ 6,800ಕ್ಕೆ ರಾಜ್ಯ 10,000 ಸೇರಿಸಿ ಒಣಬೇಸಾಯಕ್ಕೆ 16,800 ಮಾಡಿತು. ಸತ್ತ ಹೈನಿನ ಎಮ್ಮೆಗೆ 30,000 ಇತ್ತು. ಕೈಮಗ್ಗ, ಕರಕುಶಲ ಕೆಲಸದವರ ಸಲಕರಣೆಗೆ ಎಂದು 4,100 ರೂಪಾಯಿಯ ಒಂದು ಸಾಲೂ ಆಗಿನ ನಿಯಮದಲ್ಲಿ ಇತ್ತು. ಹೊಲಿಗೆಯವರು, ಗಿರಣಿಯವರು, ಕಿರಾಣಿಯವರು, ಹಜಾಮತಿಯವರು ಎಲ್ಲಿ ಬರುತ್ತಾರೆ ಎಂದು ಕೇಳಿದರೆ ಕಚೇರಿಯಲ್ಲಿ ಯಾರೂ ಹೇಳಲಿಲ್ಲ. ಗಿರಾಕಿಗಳು ಕೊಟ್ಟಿದ್ದ ಇಪ್ಪತ್ತೆರಡು ರವಿಕೆ ಬಟ್ಟೆ ರಾಡಿಯಾಗಿ ಹೋಗಿದ್ದವು, ಅದರಲ್ಲಿ ಎರಡು ಮದುವೆಯ ಇಳಕಲ್ ಸೀರೆಯ ಖಣ. ಅದನ್ನು ತೀರಿಸಲು ನನಗೆ ಒಂದು ವರ್ಷ ಹಿಡಿಯಿತು.

ಮುನ್ಸೂಚನೆಯ ವಿಷಯ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಶುರುವಾದದ್ದು. ಈಗ ಪಂಚಾಯಿತಿ ಪಂಚಾಯಿತಿಗೂ ಅವರ ಮಳೆಮಾಪಕವಿದೆ. ಅವರ ಸಹಾಯವಾಣಿ ವರುಣಮಿತ್ರಕ್ಕೆ ಫೋನ್ ಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಎತ್ತುತ್ತಾರೆ, ನಮ್ಮ ಪಂಚಾಯಿತಿಯ ಮಳೆಯನ್ನೇ ಹೇಳುತ್ತಾರೆ. ನಮ್ಮ ಯಜಮಾನರು ಶೇಂಗಾ ಕೀಳುವ ಮುಂದೆ ಅವರನ್ನು ಕೇಳದೆ ಆಳು ಕರೆಯುವುದಿಲ್ಲ. ಇಂಥ ಸೇವೆ ನಮ್ಮ ರಾಜ್ಯದಲ್ಲಿದೆ ಎನ್ನುವುದೇ ನನಗೆ ಹೆಮ್ಮೆ. ಆದರೆ ಡ್ಯಾಮಿನ ನೀರು ಬಿಡುವಾಗ ನಮ್ಮ ಓಣಿಗೆ ಬಂದ ಆಟೋದ ಮೈಕಿನಲ್ಲಿ ‘ಇಷ್ಟು ಸಾವಿರ ಕ್ಯೂಸೆಕ್’ ಎಂದು ಕೂಗಿದರು. ಕ್ಯೂಸೆಕ್ ಎಂದರೆ ನಮ್ಮ ಅತ್ತೆಗೆ ಏನು ತಿಳಿಯಬೇಕು? ಅವರಿಗೆ ತಿಳಿಯುವುದು ಹನುಮಪ್ಪನ ಗುಡಿಯ ಮೆಟ್ಟಿಲು. 2009ರಲ್ಲಿ ನಾಲ್ಕನೇ ಮೆಟ್ಟಿಲಿಗೆ ಬಂದಿತ್ತು, 2019ರಲ್ಲಿ ಗುಡಿಯ ಹೊಸ್ತಿಲು ದಾಟಿತು. ಇಷ್ಟು ನೀರು ಬಿಟ್ಟರೆ ನಿಮ್ಮೂರಲ್ಲಿ ಗುಡಿಯ ಎಷ್ಟನೇ ಮೆಟ್ಟಿಲಿಗೆ, ಎಷ್ಟು ತಾಸಿನಲ್ಲಿ ಬರುತ್ತದೆ ಎಂದು ಊರೂರಿಗೆ ಲೆಕ್ಕ ಮಾಡಿ ಕೂಗಿಸಲಿ. ಅಷ್ಟು ಹೇಳಿದ್ದರೆ ನಾವು ಟ್ರಂಕನ್ನು ಮ್ಯಾಳಿಗೆಯ ಮೇಲೆ ಹಾಕುತ್ತಿರಲಿಲ್ಲವೇ, ಎಮ್ಮೆಯ ಕಣ್ಣಿ ಬಿಚ್ಚುತ್ತಿರಲಿಲ್ಲವೇ.

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವವರಿಗೆ ಮಗಳು ಹೇಳಿದ್ದನ್ನೇ ಹೇಳುತ್ತೇನೆ. 15ನೇ ಹಣಕಾಸು ಆಯೋಗ 2021ರಿಂದ 2026ರ ತನಕದ ಐದು ವರ್ಷಕ್ಕೆ ರಾಜ್ಯಗಳ ವಿಪತ್ತು ನಿಧಿಯನ್ನು ಹೀಗೆ ಹಂಚಿಟ್ಟಿತ್ತು. 100 ರೂಪಾಯಿಯಲ್ಲಿ 40 ತಕ್ಷಣದ ಪರಿಹಾರಕ್ಕೆ, 30 ಮರಳಿ ಕಟ್ಟುವುದಕ್ಕೆ, 10 ಸಿದ್ಧತೆಗೆ, 20 ಅಪಾಯ ಬರುವ ಮೊದಲೇ ತಗ್ಗಿಸುವುದಕ್ಕೆ. ಹೊಳೆಯ ಅಗಲ ಅಳೆದು ಕಲ್ಲು ನೆಡುವುದು, ಗುಡಿಯ ಮೆಟ್ಟಿಲಿನ ಲೆಕ್ಕ ಮಾಡುವುದು ಆ 20 ರೂಪಾಯಿಯ ಕೆಲಸವೇ. ಕಲ್ಲು ನೆಟ್ಟರೆ ನಮ್ಮವೂ ನಾಲ್ಕು ಸಾಲು ಕಬ್ಬು ಹೋಗುತ್ತದೆ. ಹೋಗಲಿ ಎಂದು ಯಜಮಾನರೇ ಒಪ್ಪಿದ್ದಾರೆ.

ಈಗ ಎಲ್ಲಿಯಾದರೂ ಯಾರದಾದರೂ ಮಣ್ಣಿನ ಮನೆಗೆ ನೀರು ಹೊಕ್ಕು ಇಳಿದಿದ್ದರೆ, ದಯವಿಟ್ಟು ಇಷ್ಟು ಮಾಡಿ. ಗೋಡೆ ನಿಂತಿದೆ ಎಂದು ಒಳಗೆ ಮಲಗಬೇಡಿ, ಒಂದು ತಿಂಗಳಾದರೂ ಹೊರಗೇ ಇರಿ. ನೀರು ನಿಂತ ಗೆರೆಗೆ ಸುಣ್ಣದಿಂದ ಗುರುತು ಹಾಕಿ. ಅದೇ ಜಾಗದ ಫೋಟೋ ದಿನಕ್ಕೊಂದು ತೆಗೆದು, ಬೇರೆ ಊರಿನ ನೆಂಟರಿಗೆ ವಾಟ್ಸಾಪ್ ಮಾಡಿಡಿ, ಆಗ ತಾರೀಕೂ ಉಳಿಯುತ್ತದೆ, ಫೋನ್ ಹೋದರೂ ಫೋಟೋ ಉಳಿಯುತ್ತದೆ. ಸಮೀಕ್ಷೆಯವರು ಬಂದಾಗ ಹಾಳೆಯಲ್ಲಿ ಯಾವ ಅಕ್ಷರ ಬರೆದರು ಎಂದು ಕೇಳಿ ನೋಡಿ. ಅರ್ಜಿಯನ್ನು ಕೈಯಲ್ಲಿ ಕೊಡಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ (ನಾನು ಕಳಿಸಿದ್ದ ರಿಜಿಸ್ಟರ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿತು), ಚೀಟಿ ಇಟ್ಟುಕೊಳ್ಳಿ. ಏಳನೇ ಸಲದ ಮೇಲೆ ನಾನು ಹಾಗೆ ಮಾಡಿದ್ದಕ್ಕೇ ನನ್ನ ಅರ್ಜಿಗೆ ಒಂದು ನಂಬರು ಬಿತ್ತು.